ದೇವರನ್ನು ಕೊಳ್ಳುವ ಮುಂಚೆ ರಸೀತಿ ಕೇಳಿ!

ಸಂತೆ ದಿನ ಬಸ್ ಸ್ಟ್ಯಾಂಡ್ ಹತ್ತಿರ ಗುರುತು ಪರಿಚಯ ಇಲ್ಲದವನೊಬ್ಬ ಹಳೇ ಸೈಕಲ್ ತಳ್ಳಿಕೊಂಡು ಬಂದು, "ಐನೂರು ಕೊಡಿ ಸಾಹುಕಾರ್ರೇ, ನೀವೇ ಇಟ್ಕೊಳ್ಳಿ" ಅಂದರೆ ನಮ್ಮ ಪೇಟೆಯ ಯಾವ ಅಂಗಡಿಯವನೂ ತಕ್ಷಣ ಗಲ್ಲಾಪೆಟ್ಟಿಗೆಗೆ ಕೈ ಹಾಕುವುದಿಲ್ಲ. "ಯಾರದಪ್ಪಾ ಇದು? ಬಿಲ್ ಎಲ್ಲಿ? ನಿಂದು ಯಾವೂರು?" ಅಂತ ಮೂರು ಪ್ರಶ್ನೆ ಕೇಳುತ್ತಾನೆ. ಉತ್ತರ ತಡವರಿಸಿತೋ, "ಮುಂದೆ ಹೋಗಪ್ಪಾ" ಅನ್ನುತ್ತಾನೆ. ಇದಕ್ಕೆ ಕಾನೂನು ಪುಸ್ತಕ ಓದಬೇಕಾಗಿಲ್ಲ. ನಾಳೆ ಪೊಲೀಸಪ್ಪ ಬಂದು ಅಂಗಡಿ ಮುಂದೆ ನಿಂತರೆ ಗತಿಯೇನು ಅನ್ನುವ ಭಯ ಒಂದೇ ಸಾಕು.

ಐನೂರು ರೂಪಾಯಿ ಸೈಕಲ್ಲಿಗೆ ಇರುವ ಈ ಎಚ್ಚರ, ಕೋಟಿಗಟ್ಟಲೆ ಬಾಳುವ ವಿಗ್ರಹ ಕೊಳ್ಳುವವರಿಗೆ ಇಲ್ಲವಲ್ಲ, ಅದೇ ಸೋಜಿಗ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿರುವ ರಾಷ್ಟ್ರೀಯ ಕಲಾ ಗ್ಯಾಲರಿ 2008ರಲ್ಲಿ ಒಂದು ಕಂಚಿನ ನಟರಾಜನನ್ನು ಕೊಂಡಿತು. ಬೆಲೆ ಸುಮಾರು 50 ಲಕ್ಷ ಅಮೆರಿಕನ್ ಡಾಲರ್. ಮಾರಿದವನು ಬೀದಿ ಬದಿಯವನಲ್ಲ, ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂನಲ್ಲಿ ಅಂಗಡಿ ಇಟ್ಟಿದ್ದ ಹೆಸರಾಂತ ಪುರಾತನ ವಸ್ತು ವ್ಯಾಪಾರಿ ಸುಭಾಷ್ ಕಪೂರ್. ಬಿಲ್ಲೂ ಇತ್ತು, ಕಾಗದಪತ್ರವೂ ಇತ್ತು. ಆರು ವರ್ಷ ಕಳೆದ ಮೇಲೆ, 2014ರ ಸೆಪ್ಟೆಂಬರ್‌ನಲ್ಲಿ, ಅದೇ ನಟರಾಜನನ್ನು ಆಸ್ಟ್ರೇಲಿಯಾದ ಪ್ರಧಾನಿ ಟೋನಿ ಅಬಾಟ್ ದೆಹಲಿಗೆ ತಂದು ನಮ್ಮ ಪ್ರಧಾನಿಯ ಕೈಗೆ ಒಪ್ಪಿಸಿ ಹೋಗಬೇಕಾಯಿತು. ಯಾಕೆ? ಅದು ಕದ್ದ ಮಾಲು!

ಬೀಗ ಹಾಕಿದ ಗುಡಿ, ಒಳಗೆ ಬರೀ ಪೀಠ

ಆ ನಟರಾಜನ ಸ್ವಂತ ಊರು ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂತಾನ್. ಚೋಳರ ಕಾಲದ ಶಿವನ ಗುಡಿ. ಪೂಜೆ ಪುನಸ್ಕಾರ ನಿಂತು, ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗೆ ಶತಮಾನಗಳ ಹಿಂದಿನ ಕಂಚಿನ ಮೂರ್ತಿಗಳು ಮಾತ್ರ ಇದ್ದವು. 2006ರಲ್ಲಿ ಕಳ್ಳರು ನುಗ್ಗಿ ನಟರಾಜನನ್ನು ಹೊತ್ತೊಯ್ದರು. ಊರಿಗೆ ಸುದ್ದಿ ತಿಳಿದದ್ದು ಯಾವಾಗ ಗೊತ್ತೇ? 2008ರಲ್ಲಿ! ಅಷ್ಟರಲ್ಲಿ ದೇವರು ಸಮುದ್ರ ದಾಟಿ ನ್ಯೂಯಾರ್ಕ್ ನೋಡಿಕೊಂಡು ಕ್ಯಾನ್‌ಬೆರಾ ಸೇರಿಯಾಗಿತ್ತು. ಎರಡು ವರ್ಷ ಬೀಗದ ಹಿಂದೆ ಏನಿದೆ ಅಂತ ಒಬ್ಬನೂ ಇಣುಕಿ ನೋಡಿರಲಿಲ್ಲ.

ಇಂಥ ಮೂರ್ತಿ ಬಂದರು ದಾಟುವುದು ಹೇಗೆ? ಅದೇನೂ ಮಾಯಾಮಂತ್ರ ಅಲ್ಲ. ಹೊಸದಾಗಿ ಎರಕ ಹೊಯ್ದ ಕರಕುಶಲ ವಸ್ತು ಅಂತ ಕಾಗದ ಮಾಡಿಸುತ್ತಾರೆ. ನಿಜವಾದ ಹೊಸ ಬೊಂಬೆಗಳ ಜೊತೆಗೆ ಪೆಟ್ಟಿಗೆಗೆ ತುಂಬಿ ಹಡಗಿಗೆ ಹಾಕುತ್ತಾರೆ. ಹಳೆಯದು ಯಾವುದು, ಹೊಸದು ಯಾವುದು ಅಂತ ಒಂದೊಂದನ್ನೂ ಹಿಡಿದು ನೋಡುವ ಕಣ್ಣು ಬಂದರಿನಲ್ಲಿ ಎಷ್ಟು ಜನಕ್ಕಿದೆ?

ಇನ್ನು ಆ ಕಡೆ ದಡದಲ್ಲಿ ನಡೆಯುವುದು ಇದರ ತಿರುವು ಮುರುವು. ಇಲ್ಲಿ ಹಳೆಯದನ್ನು ಹೊಸದು ಅಂದವರು ಅಲ್ಲಿ ಅದಕ್ಕೆ ಹಳೇ ಒಡೆತನದ ಕಥೆ ಕಟ್ಟುತ್ತಾರೆ. ಈ ನಟರಾಜನ ಕಾಗದದಲ್ಲಿ ಬರೆದದ್ದೇನು? ಸುಡಾನ್ ದೇಶದ ರಾಜತಾಂತ್ರಿಕರೊಬ್ಬರು 1970ರಲ್ಲಿ ದೆಹಲಿಯಲ್ಲಿದ್ದಾಗ ಕೊಂಡು, ದೇಶದ ಆಚೆ ತೆಗೆದುಕೊಂಡು ಹೋಗಿದ್ದರಂತೆ, ಅವರ ಹೆಂಡತಿಯಿಂದ ಇದು ವ್ಯಾಪಾರಿಗೆ ಬಂತಂತೆ. 1970 ಅಂತಲೇ ಯಾಕೆ ಬರೆದರು? ನಮ್ಮ ದೇಶದ ಪ್ರಾಚ್ಯವಸ್ತು ಕಾಯ್ದೆ ಬಂದದ್ದು 1972ರಲ್ಲಿ. ಕದ್ದ ಕಲಾವಸ್ತು ತಡೆಯುವ ಯುನೆಸ್ಕೋ ಒಪ್ಪಂದ ಆದದ್ದು 1970ರಲ್ಲಿ. ಆ ಗೆರೆಗಿಂತ ಈಚೆ ಹೊರಗೆ ಹೋದದ್ದು ಅಂದರೆ ಕೊಳ್ಳುವವನು ಹತ್ತು ಪ್ರಶ್ನೆ ಕೇಳುತ್ತಾನೆ. ಅದಕ್ಕೇ ತಾರೀಕನ್ನು ಹಿಂದಕ್ಕೆ ತಳ್ಳಿದ್ದು. 2006ರಲ್ಲಿ ಗುಡಿಯಲ್ಲೇ ಇದ್ದ ದೇವರು 1970ರಲ್ಲೇ ದೇಶ ಬಿಟ್ಟಿದ್ದನಂತೆ! ಸುಳ್ಳಿಗೂ ಒಂದು ಲೆಕ್ಕಾಚಾರ ಇರುತ್ತದೆ, ನೋಡಿ.

ಒಂದು ಫೋಟೋ ಮಾಡಿದ ಕೆಲಸ

ಈ ಸುಳ್ಳನ್ನು ಒಡೆದದ್ದು ಯಾವ ದೊಡ್ಡ ಪತ್ತೇದಾರಿಕೆಯೂ ಅಲ್ಲ, ಒಂದು ಹಳೇ ಫೋಟೋ. ಪಾಂಡಿಚೇರಿಯಲ್ಲಿ ಫ್ರೆಂಚರ ಒಂದು ಸಂಶೋಧನಾ ಸಂಸ್ಥೆ ಇದೆ. ಅದರವರು 1950ರ ದಶಕದಿಂದ ದಕ್ಷಿಣದ ಗುಡಿ ಗುಡಿ ಸುತ್ತಿ, ಮೂರ್ತಿಗಳ ಫೋಟೋ ತೆಗೆದು ಜೋಡಿಸಿಟ್ಟುಕೊಂಡು ಬಂದಿದ್ದಾರೆ. ಶ್ರೀಪುರಂತಾನದ ನಟರಾಜನ ಫೋಟೋ ಕೂಡ ಕಳವಿಗೆ ಎಷ್ಟೋ ವರ್ಷ ಮುಂಚೆಯೇ ಅಲ್ಲಿ ಸೇರಿತ್ತು. ಕ್ಯಾನ್‌ಬೆರಾದ ಮೂರ್ತಿಯನ್ನೂ ಈ ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎರಡೂ ಒಂದೇ ಅನ್ನುವುದು ಬಯಲಾಯಿತು. ನಟರಾಜನ ಜೊತೆಗೇ ಸಿಡ್ನಿಯ ಕಲಾ ಗ್ಯಾಲರಿಯಲ್ಲಿದ್ದ ವೃದ್ಧಾಚಲಂ ಗುಡಿಯ ಕಲ್ಲಿನ ಅರ್ಧನಾರೀಶ್ವರನೂ ವಾಪಸು ಬಂದ.

ವ್ಯಾಪಾರಿ ಕಪೂರ್ 2011ರ ಅಕ್ಟೋಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. 2012ರ ಜುಲೈನಲ್ಲಿ ಅವನನ್ನು ಚೆನ್ನೈಗೆ ಕರೆತಂದರು. 2022ರ ನವೆಂಬರ್ 1ರಂದು ಕುಂಭಕೋಣದ ಕೋರ್ಟು ಅರಿಯಲೂರು ಜಿಲ್ಲೆಯ ಇನ್ನೊಂದು ಗುಡಿಯ, ವರದರಾಜ ಪೆರುಮಾಳ್ ದೇವಸ್ಥಾನದ, ವಿಗ್ರಹ ಕಳವು ಪ್ರಕರಣದಲ್ಲಿ 10 ವರ್ಷ ಶಿಕ್ಷೆ ಕೊಟ್ಟಿತು. ಅಮೆರಿಕದ ಅಧಿಕಾರಿಗಳು ಅವನ ಗೋದಾಮುಗಳನ್ನು ತೆರೆದಾಗ ಸಿಕ್ಕ ಮಾಲು ಎಷ್ಟು ಗೊತ್ತೇ? 2,500ಕ್ಕೂ ಹೆಚ್ಚು ವಸ್ತು, ಬೆಲೆ 14 ಕೋಟಿ ಡಾಲರಿಗೂ ಮೇಲೆ. ಇಷ್ಟು ದೇವರು, ದೇವತೆ, ತೀರ್ಥಂಕರರು ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ!

ಕ್ಯಾನ್‌ಬೆರಾದ ಗ್ಯಾಲರಿಗೆ ಪಾಠ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಇನ್ನೂ 14 ಕಲಾವಸ್ತುಗಳನ್ನು ಹಿಂದಿರುಗಿಸುತ್ತೇವೆ ಅಂತ ಅದು ಪ್ರಕಟಿಸಬೇಕಾಯಿತು. ಅದರಲ್ಲಿ 13 ಇದೇ ಕಪೂರನ ಕಡೆಯಿಂದ ಬಂದವು. ಅಂಗಡಿಯ ಬೋರ್ಡು ನೋಡಿ ಮಾಲು ಕೊಂಡವರ ಕಥೆ ಹೀಗಾಗುತ್ತದೆ.

"ನನಗೆ ಗೊತ್ತಿರಲಿಲ್ಲ" ಅಂದರೆ ಬಿಡುತ್ತಾರೆಯೇ?

ಪುರಾತನ ವಸ್ತು ಸಂಗ್ರಹಿಸುವ ಷೋಕಿ ಇರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ನಾನು ಕಾಸು ಕೊಟ್ಟು ತಗೊಂಡಿದ್ದೀನಿ. ಕದ್ದದ್ದೋ ಬಿಟ್ಟದ್ದೋ ಮಾರಿದವನಿಗೆ ಗೊತ್ತು." ಈ ಮಾತು ಲಂಡನ್ ಕೋರ್ಟಿನಲ್ಲೇ ನಡೆಯಲಿಲ್ಲ.

1976ರಲ್ಲಿ ಅಂದಿನ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ, ಪಾಳುಬಿದ್ದ ಶಿವನ ಗುಡಿಯ ಹತ್ತಿರ ಒಬ್ಬ ಕೂಲಿಯವನು ಮಣ್ಣು ಅಗೆಯುವಾಗ ಕಂಚಿನ ನಟರಾಜ ಸಿಕ್ಕಿತು. ಜಮೀನಿಲ್ಲದ ಬಡವ, ಕೆಲವು ನೂರು ರೂಪಾಯಿಗೆ ಅದನ್ನು ದಾಟಿಸಿದ. ಅಲ್ಲಿಂದ ಕೈ ಬದಲಾಗುತ್ತಾ ಬದಲಾಗುತ್ತಾ ಲಂಡನ್ನಿನ ವ್ಯಾಪಾರಿಯ ಅಂಗಡಿ ಸೇರಿತು. 1982ರಲ್ಲಿ ಕೆನಡಾದ ಬಂಪರ್ ಡೆವಲಪ್‌ಮೆಂಟ್ ಅನ್ನುವ ಕಂಪನಿ ಅದಕ್ಕೆ ಎರಡೂವರೆ ಲಕ್ಷ ಪೌಂಡ್ ಕೊಟ್ಟಿತು. ಕಂಪನಿಯವರು ಮೂರ್ತಿಯ ರಿಪೇರಿಗೆ ಅಂತ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾಗ ಲಂಡನ್ ಪೊಲೀಸರು ವಶಪಡಿಸಿಕೊಂಡರು.

ಕೋರ್ಟಿನಲ್ಲಿ ಕಂಪನಿ ವಾದ ಮಾಡಿತು: ನಾವು ಒಳ್ಳೇ ನಂಬಿಕೆಯಿಂದ ಕೊಂಡಿದ್ದೇವೆ, ಕಾಗದ ಇದೆ, ದುಡ್ಡು ಕೊಟ್ಟಿದ್ದೇವೆ. ಎದುರು ನಿಂತವರು ಯಾರು? ಭಾರತ ಸರ್ಕಾರ, ತಮಿಳುನಾಡು ಸರ್ಕಾರ ಇದ್ದವು ಸರಿ. ಅವುಗಳ ಜೊತೆಗೆ ಆ ಪಾಳು ಗುಡಿಯೇ ಕಕ್ಷಿದಾರನಾಗಿ ನಿಂತಿತು! ನಮ್ಮ ಕಾನೂನಿನಲ್ಲಿ ದೇವರಿಗೂ ಗುಡಿಗೂ ಆಸ್ತಿ ಹೊಂದುವ ಹಕ್ಕಿದೆ. ಪೂಜೆ ನಿಂತರೂ ಆ ಹಕ್ಕು ಸಾಯುವುದಿಲ್ಲ. ಪತ್ತೂರಿನಲ್ಲಿ ಸಿಕ್ಕ ಬೇರೆ ಮೂರ್ತಿಗಳ ಜೊತೆ ಈ ನಟರಾಜನನ್ನು ಹೋಲಿಸಿ ತಜ್ಞರು ಸಾಕ್ಷಿ ಹೇಳಿದರು. 1988ರಲ್ಲಿ ಲಂಡನ್ ಹೈಕೋರ್ಟು, 1991ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಎರಡೂ ಗುಡಿಯ ಪರವಾಗಿಯೇ ತೀರ್ಪು ಕೊಟ್ಟವು. ಅದೇ ವರ್ಷ ನಟರಾಜ ಊರ ಕಡೆ ಬಂದ. ಕಂಪನಿಗೆ ಮೂರ್ತಿಯೂ ಹೋಯಿತು, ವಕೀಲರ ಫೀಜಿನ ಹೊರೆ ಬೇರೆ.

ಇಲ್ಲಿ ವ್ಯಾಪಾರದ ಲೆಕ್ಕವನ್ನೂ ನೋಡಬೇಕು. ಅಗೆದವನಿಗೆ ಕೆಲವು ನೂರು ರೂಪಾಯಿ, ಕಡೆಗೆ ಕೊಂಡವನು ಕೊಟ್ಟದ್ದು ಎರಡೂವರೆ ಲಕ್ಷ ಪೌಂಡ್. ನಡುವಿನ ಹಣ ಹೋದದ್ದು ದಲ್ಲಾಳಿಗಳ ಹೊಟ್ಟೆಗೆ. ಪೊಲೀಸರ ಬಲೆಗೆ ಮೊದಲು ಬೀಳುವವನು ಮಾತ್ರ ಯಾವಾಗಲೂ ಅಗೆದವನೇ, ಹೊತ್ತವನೇ. ಎ.ಸಿ. ರೂಮಿನಲ್ಲಿ ಕೂತು ಕ್ಯಾಟಲಾಗ್ ತಿರುವಿ ಹಾಕುವ ಮಹಾಶಯರಿಗೆ ಹತ್ತು ವರ್ಷ, ಇಪ್ಪತ್ತು ವರ್ಷ ಏನೂ ಆಗುವುದಿಲ್ಲ. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಗೆ ಕೆಲಸವೇ ಇಲ್ಲ. ಒಂದು ಮಣ ಭಾರದ ದೇವರನ್ನು ಯಾವ ಕಳ್ಳನೂ ಭಕ್ತಿಯಿಂದ ಹೊತ್ತುಕೊಂಡು ಹೋಗುವುದಿಲ್ಲ!

ನಮ್ಮ ಕಡೆ ಏನಿದೆ ಅನ್ನಬೇಡಿ

"ಇದೆಲ್ಲಾ ತಮಿಳುನಾಡಿನ ಕಂಚಿನ ಕಥೆ, ನಮಗೇನು?" ಅನ್ನುವವರು ಇದ್ದಾರೆ. 2013ರ ಜುಲೈನಲ್ಲಿ ಮೂಡಬಿದಿರೆಯ ಗುರುಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದದ್ದನ್ನು ಅಷ್ಟು ಬೇಗ ಮರೆತುಬಿಟ್ಟರೇ? ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕೆರೆ ಏರಿ ಮೇಲೆ ವೀರಗಲ್ಲು ನಿಂತಿವೆ. ಹೊಯ್ಸಳ, ಚಾಲುಕ್ಯರ ಕಾಲದ ಗುಡಿಗಳ ಬಾಗಿಲು ಹಗ್ಗ ಕಟ್ಟಿ ನಿಲ್ಲಿಸಿದ ಹಾಗಿದೆ. ತೊಟ್ಟಿಮನೆ ಕೆಡವಿದರೆ ಕೆತ್ತನೆ ಕಂಬ, ಬಾಗಿಲವಾಡ ಲಾರಿ ಹತ್ತುತ್ತವೆ. ಅಟ್ಟದ ಮೇಲೆ ತಾತನ ಕಾಲದ ತಾಳೆಗರಿ ಕಟ್ಟು, ಗೋಡೆ ಮೇಲೆ ಚಿನ್ನದ ರೇಖಿನ ಮೈಸೂರು ಶೈಲಿ ಚಿತ್ರ. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ತೂಕ ಹಾಕುವ ಹಿತ್ತಾಳೆಯೊಳಗೆ ಏನಿರುತ್ತದೋ ಬಲ್ಲವರು ಯಾರು?

ಹಾಗಾದರೆ ಹಳೇ ವಸ್ತು ಸಂಗ್ರಹಿಸುವುದೇ ತಪ್ಪೇ? ಖಂಡಿತ ಅಲ್ಲ. ಸಂಗ್ರಹಕಾರರು ಇಲ್ಲದಿದ್ದರೆ ಎಷ್ಟೋ ಚಿತ್ರ, ನಾಣ್ಯ, ಓಲೆಗರಿ ಒಲೆ ಸೇರುತ್ತಿದ್ದವು. ತಿಳಿದ ವ್ಯಾಪಾರಿಯ ಉಪಕಾರವೂ ಸಣ್ಣದಲ್ಲ. ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳಬಲ್ಲವನು ಅವನೇ. ಹೊಸ ಕಂಚನ್ನು ಮಣ್ಣಿನಲ್ಲಿ ಹೂತು, ಹಸಿರು ಕಿಲುಬು ಬರಿಸಿ, "ಚೋಳರದು ಸಾರ್" ಅಂತ ಟೋಪಿ ಹಾಕುವವರಿಗೂ ಕಡಿಮೆಯಿಲ್ಲ. ಆದರೆ ವ್ಯಾಪಾರಿ ಎಷ್ಟೇ ತಿಳಿದವನಾಗಿರಲಿ, ವಸ್ತು ಎಲ್ಲಿಂದ ಬಂತು ಅನ್ನುವುದಕ್ಕೆ ಅವನ ಬಾಯಿಮಾತು ಸಾಲದು. ಕಪೂರನೂ ತಿಳಿದವನೇ ಆಗಿದ್ದ!

ಕಾನೂನು ಹೇಳುವುದೇನು?

1972ರ ಪ್ರಾಚ್ಯವಸ್ತು ಹಾಗೂ ಕಲಾ ನಿಧಿ ಕಾಯ್ದೆ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರ ಸಾರಾಂಶ ಅಂಗಡಿಯವರಿಗೂ ಮನೆಯವರಿಗೂ ತಿಳಿದಿರಬೇಕು.

ಮೂರ್ತಿ, ಚಿತ್ರ, ನಾಣ್ಯ, ಕೆತ್ತನೆ ಕೆಲಸ, ಹೀಗೆ 100 ವರ್ಷ ತುಂಬಿದ ವಸ್ತು ಪ್ರಾಚ್ಯವಸ್ತು ಅನ್ನಿಸಿಕೊಳ್ಳುತ್ತದೆ. ಬೆಲೆಯುಳ್ಳ ಹಸ್ತಪ್ರತಿ, ಓಲೆಗರಿ ಆದರೆ 75 ವರ್ಷ ಸಾಕು. ಇಂಥ ವಸ್ತುವಿನ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಲೈಸೆನ್ಸ್ ಇರುವವನು ಲೆಕ್ಕ, ಫೋಟೋ, ರಿಜಿಸ್ಟರ್ ಇಟ್ಟಿರಬೇಕು. ಶಿಲ್ಪ, ಚಿತ್ರ, ಚಿತ್ರಗಳಿರುವ ಹಸ್ತಪ್ರತಿ ಮುಂತಾದವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಮಾರಿದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ದೇಶದ ಒಳಗೆ ಮಾರಾಟಕ್ಕೆ ಅಡ್ಡಿಯಿಲ್ಲ. ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ, ಅದು ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿದ ಸಂಸ್ಥೆಗೆ ಮಾತ್ರ. ಮೀರಿದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ಹೊಲ, ಪಾಯ ಅಗೆಯುವಾಗ ನಿಧಿ ಸಿಕ್ಕರೆ ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಬೇರೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಸೈಕಲ್ಲಿಗೆ ಇರುವ ಕಾನೂನೇ ವಿಗ್ರಹಕ್ಕೂ ಇದೆ.

"ರಿಜಿಸ್ಟರ್ ಮಾಡಿಸಿದ್ರೆ ಸರ್ಕಾರದವ್ರು ಬಂದು ಎತ್ಕೊಂಡ್ ಹೋಗ್ತಾರೆ" ಅನ್ನುವ ಭಯ ನಮ್ಮಲ್ಲಿ ಬೇರೂರಿದೆ. ನೋಂದಣಿಯಿಂದ ಒಡೆತನ ಹೋಗುವುದಿಲ್ಲ. ಸರ್ಕಾರ ಸ್ವಾಧೀನ ಮಾಡಿಕೊಳ್ಳುವ ಅಧಿಕಾರ ಕಾಯ್ದೆಯಲ್ಲಿ ಇದೆ ನಿಜ, ಆದರೆ ಪರಿಹಾರ ಕೊಟ್ಟು ಮಾತ್ರ. ನೋಂದಣಿ ಆದ ವಸ್ತು ಕಳುವಾದರೆ "ಇದು ನಮ್ಮದು" ಅನ್ನಲು ಕೈಯಲ್ಲಿ ಫೋಟೋ ಸಹಿತ ಕಾಗದ ಇರುತ್ತದೆ. ನೋಂದಣಿ ಇಲ್ಲದಿದ್ದರೆ ಕಳ್ಳನೂ ಒಂದೇ, ಒಡೆಯನೂ ಒಂದೇ.

ತಪ್ಪು ಜನರದ್ದು ಮಾತ್ರ ಅಲ್ಲ. ಈ ಕಾಯ್ದೆಯನ್ನು ಹಳ್ಳಿ ಬಾಗಿಲಿಗೆ ತಂದು ಹೇಳಿದವರು ಯಾರು? 2013ರ ಮಹಾಲೇಖಪಾಲರ ವರದಿ ಕೇಂದ್ರದ ಪುರಾತತ್ವ ಇಲಾಖೆಗೆ ಚೆನ್ನಾಗಿಯೇ ಚಾಟಿ ಬೀಸಿತ್ತು. 1976ರಿಂದ 2001ರ ತನಕ ಹೊರದೇಶದಿಂದ ವಾಪಸು ತಂದದ್ದು ಬರೀ 19 ವಸ್ತು, ಆಮೇಲೆ 2012ರವರೆಗೆ ಸೊನ್ನೆ. ಈಚೆಗೆ ಲೆಕ್ಕ ಬದಲಾಗಿದೆ. ಅಮೆರಿಕ ಒಂದೇ 2021ರಲ್ಲಿ 157, 2022ರಲ್ಲಿ 307, 2024ರ ಸೆಪ್ಟೆಂಬರ್‌ನಲ್ಲಿ 297 ವಸ್ತುಗಳನ್ನು ಒಪ್ಪಿಸಿತು. ಸಂತೋಷ. ಆದರೆ ಅಲ್ಲಿನ ಪೊಲೀಸರು ಗೋದಾಮು ತೆರೆದದ್ದರಿಂದ ನಮಗೆ ಗೊತ್ತಾಯಿತೇ ಹೊರತು, ನಮ್ಮ ಗುಡಿಯಲ್ಲಿ ಏನಿತ್ತು, ಏನು ಹೋಯಿತು ಅನ್ನುವ ಪಟ್ಟಿ ನಮ್ಮಲ್ಲೇ ಪೂರ್ತಿ ಇಲ್ಲ. ಇದು ನಾಚಿಕೆಗೇಡು.

ಅಲ್ಲೇ ಚೆನ್ನಾಗಿರುತ್ತದಲ್ಲ?

ಬಸ್ಸಿನಲ್ಲಿ ಈ ಮಾತು ತೆಗೆದರೆ ಒಬ್ಬರಾದರೂ ಹೇಳುತ್ತಾರೆ: "ಇಲ್ಲಿ ಬಾವಲಿ ಹಿಕ್ಕೆ ಬೀಳ್ತಿತ್ತು. ಅಲ್ಲಿ ಗಾಜಿನ ಪೆಟ್ಟಿಗೇಲಿ ತಣ್ಣಗೆ ಇಟ್ಕೊಂಡಿದ್ರು. ಇರ್ಲಿ ಬಿಡಿ." ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಲಂಡನ್ನಿನಲ್ಲಿ ಗೆದ್ದು ಬಂದ ಪತ್ತೂರಿನ ನಟರಾಜ ತನ್ನ ಗುಡಿಗೆ ಹೋಗಲಿಲ್ಲ. ಕಾಯುವವರಿಲ್ಲ ಅಂತ ತಿರುವಾರೂರಿನ ವಿಗ್ರಹ ಭದ್ರತಾ ಕೇಂದ್ರದಲ್ಲಿ ಬೀಗದ ಒಳಗೆ ಇಟ್ಟರು. ಕೋರ್ಟಿನಲ್ಲಿ ಗೆದ್ದ ದೇವರಿಗೆ ಊರಿನಲ್ಲಿ ಜಾಗ ಇಲ್ಲದ ಹಾಗಾಯಿತು.

ಆದರೆ ಮನೆಗೆ ಬೀಗ ಸರಿಯಿಲ್ಲ ಅಂತ ಪಕ್ಕದೂರಿನವನು ನಿಮ್ಮ ಪಾತ್ರೆ ಎತ್ತಿಕೊಂಡು ಹೋಗಿ, "ನಾನು ಚೆನ್ನಾಗಿ ತೊಳೆದಿಟ್ಟಿದ್ದೀನಿ" ಅಂದರೆ ಒಪ್ಪುತ್ತೀರಾ? ಬೀಗ ಸರಿ ಮಾಡಿಸಿಕೊಳ್ಳುವುದು ನಮ್ಮ ಕೆಲಸ. ಕಳ್ಳನಿಗೆ ಶಹಬ್ಬಾಸ್ ಹೇಳುವುದಲ್ಲ.

ಹಾಗಾದರೆ ಮಾಡಬೇಕಾದದ್ದೇನು?

ಪೇಟೆಯಲ್ಲಿ ಹಳೇ ವಸ್ತು ಕೊಳ್ಳುವವರು, ಮಾರುವವರು ಮೊದಲು ನಾಲ್ಕು ಪ್ರಶ್ನೆ ಕೇಳಲಿ. ವ್ಯಾಪಾರಿಗೆ ಲೈಸೆನ್ಸ್ ಇದೆಯೇ? ವಸ್ತುವಿಗೆ ನೋಂದಣಿ ಪತ್ರ ಇದೆಯೇ, ಅದರಲ್ಲಿರುವ ಫೋಟೋ ಇದೇ ವಸ್ತುವಿನದೇ? ಹಿಂದಿನ ಒಡೆಯರು ಯಾರು, ಅವರನ್ನು ಕೇಳಿ ನೋಡಬಹುದೇ? ಮೂರ್ತಿಯ ಪೀಠದಲ್ಲಿ ಕಿತ್ತ ಗುರುತು, ಮುರಿದ ಕಾಲು, ಉಜ್ಜಿ ಅಳಿಸಿದ ಅಕ್ಷರ ಇದೆಯೇ? ಉತ್ತರ ತಡವರಿಸಿದರೆ ಸೈಕಲ್ ಮಾರಲು ಬಂದವನಿಗೆ ಹೇಳುವ ಮಾತನ್ನೇ ಹೇಳಿ: ಮುಂದೆ ಹೋಗಪ್ಪಾ.

ಮನೆಗೆ ಅಂದವಾದ ಮೂರ್ತಿ ಬೇಕು ಅಷ್ಟೇ ಅನ್ನುವವರು ಹಳೆಯದರ ಹಿಂದೆ ಯಾಕೆ ಬೀಳಬೇಕು? ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಇವತ್ತಿಗೂ ಉಳಿಯ ಸದ್ದು ನಿಂತಿಲ್ಲ. ಕಂಚು ಬೇಕಾದರೆ ಕುಂಭಕೋಣದ ಹತ್ತಿರ ಸ್ವಾಮಿಮಲೆಯಲ್ಲಿ ಎರಕದ ಸ್ಥಪತಿಗಳಿದ್ದಾರೆ. ಮೈಸೂರು ಶೈಲಿ ಚಿತ್ರ ಬರೆಯುವವರೂ ಇದ್ದಾರೆ. ಅವರ ಕೈಗೆ ಕಾಸು ಕೊಟ್ಟು, ಬಿಲ್ ಪಡೆದು ತಂದರೆ ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತದೆ, ಒಂದು ಮನೆಯ ಒಲೆಯೂ ಉರಿಯುತ್ತದೆ.

ಇನ್ನು ಊರವರ ಕೆಲಸ. ಶ್ರೀಪುರಂತಾನದ ದೇವರನ್ನು ವಾಪಸು ತಂದದ್ದು ಒಂದು ಫೋಟೋ. ಇವತ್ತು ಫೋನಿಲ್ಲದ ಕೈ ಯಾವುದಿದೆ? ಪ್ರತಿ ಗುಡಿ, ಬಸದಿಯ ಮೂರ್ತಿಗಳನ್ನು ಮುಂದೆ, ಹಿಂದೆ, ಪೀಠ, ಅಕ್ಷರ ಇದ್ದರೆ ಅಕ್ಷರ, ಎಲ್ಲವನ್ನೂ ಪಕ್ಕದಲ್ಲಿ ಅಡಿಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಎತ್ತರ, ಊರು, ತಾರೀಕು ಬರೆಯಿರಿ. ಒಂದು ಪ್ರತಿ ಪಂಚಾಯ್ತಿಗೆ, ಒಂದು ಪೊಲೀಸ್ ಠಾಣೆಗೆ, ಒಂದು ತಹಸೀಲ್ದಾರರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಪೂಜೆ ನಡೆಯದ ಗುಡಿಯನ್ನೇ ಮೊದಲು ಹಿಡಿಯಿರಿ, ಕಳ್ಳನ ಕಣ್ಣೂ ಮೊದಲು ಅಲ್ಲೇ. ತಿಂಗಳಿಗೊಮ್ಮೆಯಾದರೂ ಬೀಗ ತೆಗೆದು ಒಳಗೆ ನೋಡಿ.

ಮುಜರಾಯಿ ಇಲಾಖೆಯವರಿಗೂ ಒಂದು ಮಾತು. ಹುಂಡಿ ಎಣಿಸುವ ದಿನ ತಪ್ಪದೆ ಜೀಪು ಬರುತ್ತದೆ. ಹುಂಡಿಯಲ್ಲಿ ಬಿದ್ದ ಚಿಲ್ಲರೆಗೂ ಪಂಚನಾಮೆ, ಸಹಿ, ಲೆಕ್ಕ ಇರುತ್ತದೆ. ಹುಂಡಿಯ ಎದುರು ಕೂತ ದೇವರ ಪಂಚನಾಮೆ ಯಾವಾಗ, ಸ್ವಾಮಿ?